ಕುರ್ಚಿಯಲ್ಲಿ ಕುಳಿತವರ ಮುಂದೆ ಕದಿರಪ್ಪ

೧೯೭೯ರಲ್ಲಿ ಕೋಲಾರದ ಕ್ಲಬ್ಬೊಂದು ತನ್ನ ಬೆಳ್ಳಿಹಬ್ಬಕ್ಕೆ ಮಧ್ಯಾಹ್ನದ ಔತಣ ಏರ್ಪಡಿಸಿದಾಗ, ಅತಿಥಿಗಳ ವಿನೋದಕ್ಕೆ ಒಬ್ಬ ಜಾದೂಗಾರನನ್ನು ಗೊತ್ತುಮಾಡುವ ಹೊಣೆ ಬಟ್ಲರ್ ಆಂಜಿನಪ್ಪನಿಗೆ ಬಂತು. ಅವನು ತಡಮಾಡದೆ ಕದಿರಪ್ಪನ ಹೆಸರು ಹೇಳಿದ. ಇಬ್ಬರೂ ಆಂಧ್ರದ ಗಡಿಗಂಟಿದ ನಂಗಲಿಯವರು, ಒಂದೇ ಓಣಿಯಲ್ಲಿ ಬೆಳೆದವರು. ಕದಿರಪ್ಪ ಮೂವತ್ತು ವರ್ಷಗಳಿಂದ ಹೆದ್ದಾರಿಯ ಟೀ ಅಂಗಡಿಗಳ ಮುಂದೆ ಲಾರಿಯವರಿಗೆ ತೆಲುಗಿನಲ್ಲಿ ಮಾತಾಡುತ್ತ ಹಗ್ಗದ ಆಟ, ನಾಣ್ಯದ ಆಟ ತೋರಿಸುತ್ತಿದ್ದ. ಕುರ್ಚಿಯಲ್ಲಿ ಕುಳಿತವರು ಒಮ್ಮೆಯಾದರೂ ಅವನ ಕೈಚಳಕ ನೋಡಬೇಕೆಂಬುದು ಆಂಜಿನಪ್ಪನ ಬಹುದಿನದ ಆಸೆ.

ಕ್ಲಬ್ಬಿನ ಕಾರ್ಯದರ್ಶಿಗಳು ಯಾವ ಷರತ್ತನ್ನೂ ಹಾಕಲಿಲ್ಲ. ಹಾಕಿದವನು ಆಂಜಿನಪ್ಪನೇ. ಮನೆಯಲ್ಲಿ ತೆಲುಗಾಡುವ ಅವನು, ಕ್ಲಬ್ಬಿನಲ್ಲಿ ದುಡಿದ ಹದಿನಾರು ವರ್ಷಗಳಲ್ಲಿ ಅಳೆದು ತೂಗಿದ ಕನ್ನಡವನ್ನಲ್ಲದೆ ಬೇರೆ ಮಾತು ಆಡಿದವನಲ್ಲ. ಗೆಳೆಯನಿಗೂ ಅದೇ ಕ್ಷೇಮವೆಂದು ಬಗೆದ.

"ಅಲ್ಲಿ ತೆಲುಗು ಬೇಡ ಕಣೋ. ದೊಡ್ಡೋರು ಬರ್ತಾರೆ."

"ಹಂಗಾದ್ರೆ ಹಗ್ಗಕ್ಕೂ ಕನ್ನಡ ಕಲಿಸ್ಬೇಕೇನ್ಲಾ?" ಎಂದು ಕದಿರಪ್ಪ ನಕ್ಕ. ಆದರೂ ಮೂರು ಸಂಜೆ ಶ್ರದ್ಧೆಯಿಂದ ಕುಳಿತು, ಆಂಜಿನಪ್ಪ ಬರೆದುಕೊಟ್ಟ ವಾಕ್ಯಗಳನ್ನು ಬಾಯಿಪಾಠ ಮಾಡಿದ.

ಆ ದಿನ ಕೆಂಪು ನೆಲದ ಹಜಾರದಲ್ಲಿ, ಬಿಳಿ ಹಾಸಿನ ಮೇಜುಗಳ ಸುತ್ತ ವಕೀಲರು, ವೈದ್ಯರು, ಶ್ರೀನಿವಾಸಪುರದ ಮಾವಿನ ಮಂಡಿಯವರು ಕುಟುಂಬಸಮೇತ ಕುಳಿತಿದ್ದರು. ಕದಿರಪ್ಪ ಎರವಲು ಕೋಟಿನಲ್ಲಿ ನಿಂತು ಕೈಮುಗಿದು, ಹಗ್ಗ ಕೈಗೆತ್ತಿಕೊಂಡ. "ಮಾನ್ಯ ಅತಿಥಿಗಳೇ, ತಾವು ಈಗ..." ಎಂದು ಮುಂದಿನ ಪದಕ್ಕಾಗಿ ಮೇಲೆ ನೋಡಿದ. ಅಷ್ಟರಲ್ಲಿ ಬೆರಳು ನಿಂತಿತು. ಅಂಗೈಯಲ್ಲಿ ಅಡಗಬೇಕಾದ ಗಂಟು ಎಲ್ಲರಿಗೂ ಕಂಡಿತು. ನಾಣ್ಯ ತೆಗೆದುಕೊಂಡ. "ಗಮನವಿಟ್ಟು" ಎನ್ನುವಲ್ಲಿ ಅದು ತೋಳಿನಿಂದ ಜಾರಿ, ನೆಲದ ಮೇಲೆ ಸದ್ದು ಮಾಡುತ್ತ ಉರುಳಿತು. ಯಾರೋ ಕೆಮ್ಮಿದರು. ಚಮಚಗಳ ಸದ್ದು ಹೆಚ್ಚಾಯಿತು. ಕಾರ್ಯದರ್ಶಿಗಳು ಆಂಜಿನಪ್ಪನತ್ತ ತಿರುಗಿ, ಸಾಕು, ಐಸ್‌ಕ್ರೀಮ್ ಬರಲಿ ಎಂದು ಕಣ್ಸನ್ನೆ ಮಾಡಿದರು.

ಐಸ್‌ಕ್ರೀಮಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಂಜಿನಪ್ಪನಿಗೆ ಆಗ ಹೊಳೆಯಿತು. ಕದಿರಪ್ಪನ ಕೈ ತಾನಾಗಿ ಓಡುತ್ತಿರಲಿಲ್ಲ. ಒಂದೊಂದು ಮಾತಿಗೆ ಒಂದೊಂದು ಬೆರಳು ಎಂಬಂತೆ ಮೂವತ್ತು ವರ್ಷ ಎರಡೂ ಜೊತೆಯಾಗಿ ಪಳಗಿದ್ದವು. ಗೆಳೆಯನ ಮಾನ ಕಾಯುತ್ತೇನೆಂದುಕೊಂಡು, ಅವನ ಕೈಯನ್ನೇ ತಾನು ಕಟ್ಟಿಹಾಕಿದ್ದ.

ಕದಿರಪ್ಪ ಬಗ್ಗಿ ನಾಣ್ಯ ಹುಡುಕುತ್ತಿದ್ದ. ಅವನ ಕತ್ತಿನ ಹಿಂಭಾಗ ಬೆವೆತಿತ್ತು. ಆಂಜಿನಪ್ಪ ಐಸ್‌ಕ್ರೀಮಿನ ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟ. ಆ ಹಜಾರದಲ್ಲಿ ಎಂದೂ ದನಿ ಎತ್ತದವನು, ನಂಗಲಿಯಲ್ಲಿ ಲಾರಿಯವರು ಆಟದ ಮೊದಲಿಗೆ ಕೇಳುವ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ: "ಎವರಿದಿರಾ ಆ ತಾಡು?"

ಯಾರದು ಕಣೋ ಆ ಹಗ್ಗ ಎಂದು. ಕದಿರಪ್ಪ ತಲೆಯೆತ್ತಲೂ ಇಲ್ಲ. ಉತ್ತರ ತಾನೇ ಹೊರಟಿತು.

"ಮೀ ಮಾಮದಿ. ಎನುಮು ಪಾರಿಪೋಯಿಂದಿ, ತಾಡು ಮಿಗಿಲಿಂದಿ."

ನಿಮ್ಮ ಮಾವನದು, ಎಮ್ಮೆ ಓಡಿಹೋಯಿತು, ಹಗ್ಗ ಉಳಿಯಿತು. ಮಂಡಿಯವರ ಮೇಜಿನಿಂದ ನಗು ಸಿಡಿಯಿತು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, ಎಮ್ಮೆ ಎತ್ತ ಹೋಯಿತೆಂದು ತೆಲುಗಿನಲ್ಲೇ ವಿಚಾರಿಸಿದರು. ಕದಿರಪ್ಪ ನೆಟ್ಟಗೆ ನಿಂತ. ಮಾತು ಹರಿಯಿತು, ಅದರ ಹಿಂದೆಯೇ ಬೆರಳುಗಳು. ತುಂಡಾದ ಹಗ್ಗ ಇಡಿಯಾಯಿತು. ಉರುಳಿಹೋದ ನಾಣ್ಯ ವಕೀಲರ ಕರವಸ್ತ್ರದಲ್ಲಿ ಸಿಕ್ಕಿತು. ಐಸ್‌ಕ್ರೀಮ್ ಪೂರ್ತಿ ಕರಗುವವರೆಗೂ ಯಾರೂ ಅದನ್ನು ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ಆಂಜಿನಪ್ಪ ಎಲೆ ಹಾಕಿ, ಗೆಳೆಯನಿಗೆ ತಾನೇ ಬಡಿಸಿದ.

"ತಪ್ಪು ನಂದು ಕಣೋ," ಎಂದ ಆಂಜಿನಪ್ಪ.

"ನಿಂದೇ," ಎಂದ ಕದಿರಪ್ಪ, ಎಲೆಯಿಂದ ಕಣ್ಣೆತ್ತದೆ. "ಇನ್ನೊಂದು ವಡೆ ಹಾಕು."

ಆಂಜಿನಪ್ಪ ಎರಡು ಹಾಕಿದ.