ತನ್ನ ಹೋಟೆಲಿನಲ್ಲಿ ಉಣ್ಣದ ಭಾವ

ಭಾವನ ಎಡ ಹೆಗಲ ಮೇಲೆ ಸದಾ ಒಂದು ಒದ್ದೆ ಬೈರಾಸು ಇರುತ್ತಿತ್ತು. ಕೊಂಡಾಗ ಬಿಳಿಯಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಅದಕ್ಕೆ ಸಾಂಬಾರಿನ ಬಣ್ಣವೂ ಹುಳಿ ಮೊಸರಿನ ವಾಸನೆಯೂ ಬಂದಿದ್ದವು. ಅದರಲ್ಲೇ ಮುಖದ ಬೆವರು, ಅದರಲ್ಲೇ ಮೇಜು. ಗಿರಾಕಿ ದೊಡ್ಡ ಮನುಷ್ಯನಾದರೆ ವಿಶೇಷ ಮರ್ಯಾದೆಯಿಂದ ಕಾಫಿ ಲೋಟದ ಅಂಚನ್ನೂ ಅದರಲ್ಲೇ ಒರೆಸಿ ಕೊಡುತ್ತಿದ್ದರು.

ಅವರು ನನ್ನ ಅಕ್ಕನ ಗಂಡ. ಐವತ್ತರ ದಶಕದ ನಡುವಿನಲ್ಲಿ, ಊರಲ್ಲಿ ಕೆಲಸ ಸಿಗದೆ ನಾನು ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದಾಗ, ಪೆರಂಬೂರಿನ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರಿಸಿದವರು ಅವರೇ. ಬೆಳಿಗ್ಗೆ ಮಿಂದು ಗಂಧ ಇಟ್ಟುಕೊಂಡರೆ ಅವರ ಮಡಿಯೇ ಮಡಿ. ಯಾರಾದರೂ ಕುಡಿಯುವ ನೀರಿನ ಹಂಡೆ ಮುಟ್ಟಿದರೆ ಮೈಲಿಗೆಯಾಯಿತೆಂದು ಕೂಗಾಡುತ್ತಿದ್ದರು. ಹಂಡೆಯ ತಳದಲ್ಲಿ ಪಾಚಿ ಬೆರಳುದ್ದ ಬೆಳೆದಿತ್ತು, ಅದು ಮೈಲಿಗೆಯಲ್ಲ. ತಾವು ಮಾತ್ರ ಆ ಹೋಟೆಲಿನಲ್ಲಿ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಮಧ್ಯಾಹ್ನ ಅಕ್ಕನ ಕೈಯಡುಗೆ ಕ್ಯಾರಿಯರಿನಲ್ಲಿ ಬರಬೇಕು.

ಒಮ್ಮೆ ರೈಲ್ವೆ ವರ್ಕ್‌ಶಾಪಿನ ಫೋರ್‌ಮನ್ ಒಬ್ಬರು ಸಾಂಬಾರಿನ ಬಟ್ಟಲನ್ನು ಭಾವನ ಮೂಗಿನ ಹತ್ತಿರ ಹಿಡಿದು, "ಎನ್ನ ಸಾಮಿ ಇದು?" ಏನಿದು ಎಂದು ತಮಿಳಿನಲ್ಲಿ ಕೂಗಿದರು. ಜಿರಳೆ, ಮೀಸೆ ಸಮೇತ. ಭಾವ ಅದನ್ನು ಎರಡು ಬೆರಳಲ್ಲಿ ಎತ್ತಿ, "ಕತ್ತರಿಕ್ಕಾ ಕಾಂಬು, ಸಾರ್" ಎಂದರು. ಬದನೆಕಾಯಿಯ ತೊಟ್ಟಂತೆ! ಹಾಗೆಂದವರೇ ಬಾಯಿಗೆ ಹಾಕಿ, ಅಗಿದು, ನುಂಗಿದರು. ಫೋರ್‌ಮನ್ ಬಟ್ಟಲನ್ನು ಮೇಜಿನ ಮೇಲಿಟ್ಟರು. ಭಾವ ಹಿತ್ತಲಿಗೆ ಹೋಗಿ ವಾಂತಿಯನ್ನಾದರೂ ಮಾಡುತ್ತಾರೆ ಎಂದುಕೊಂಡೆ. ಇಲ್ಲ. ಗಲ್ಲಾದ ಹತ್ತಿರ ಬಂದು, "ವ್ಯಾಪಾರ ಅಂದ್ರೆ ಇದು ಮಾರಾಯ, ಕಲ್ತುಕೊ" ಎಂದರು.

ಒಂದು ಬೇಸಿಗೆಯಲ್ಲಿ ಚಟ್ನಿ ರುಬ್ಬುವ ಭಟ್ಟರಿಗೆ ಜ್ವರ ಹಿಡಿಯಿತು. ಹತ್ತು ದಿನವಾದರೂ ಬಿಡಲಿಲ್ಲ. ಮತ್ತೆ ಮತ್ತೆ ಹಿತ್ತಲಿಗೆ ಓಡಿ, ಬಂದ ಕೈಯನ್ನೇ ಒರಳಿಗೆ ಹಾಕುತ್ತಿದ್ದರು.

"ಅವ್ರನ್ನ ಊರಿಗೆ ಕಳ್ಸಿ ಭಾವ" ಎಂದೆ.

"ಒಲೆ ಎದುರು ನಿಂತ್ರೆ ಜ್ವರ ಬೆವರಾಗಿ ಹೋಗ್ತದೆ. ನೀನೆಂತ ಡಾಕ್ಟರಾ?"

ನಾನು ಸುಮ್ಮನಾದೆ. ಭಾವನನ್ನು ನೆನೆದು ಹೇಸುವಾಗಲೆಲ್ಲ ಹಾಗೆ ಸುಮ್ಮನಾದ ನನ್ನ ಬಗ್ಗೆಯೂ ಹೇಸಿಗೆಯಾಗುತ್ತದೆ.

ಆ ವಾರವೇ ಅಕ್ಕನ ಮಗಳು, ಎಂಟು ವರ್ಷದವಳು, ಮಸಾಲೆ ದೋಸೆ ಬೇಕೆಂದು ಹಟ ಹಿಡಿದಳು. ಹೋಟೆಲಿನ ತಿಂಡಿ ಮನೆಗೆ ತರಕೂಡದೆಂದು ಭಾವನ ಕಟ್ಟಪ್ಪಣೆ. ಅವಳ ಅಳು ನೋಡಲಾರದೆ, ಭಟ್ಟರ ಕೈಯನ್ನೂ ಮರೆತು, ನಾನು ಕದ್ದು ದೋಸೆ, ಚಟ್ನಿ ಕಟ್ಟಿಸಿಕೊಂಡು ಹೋಗಿ ಕೊಟ್ಟೆ. ಹದಿನೈದು ದಿನಕ್ಕೆ ಅವಳಿಗೆ ಟೈಫಾಯ್ಡ್.

ಹೊರಗೆ ಏನಾದರೂ ತಿಂದಳೇ ಎಂದು ಕೀಲ್ಪಾಕಿನ ಡಾಕ್ಟರು ತಮಿಳಿನಲ್ಲಿ ಕೇಳಿದರು. ಭಾವ ಎದೆ ಸೆಟೆಸಿ, "ಹೋಟಲ್ ಸಾಪ್ಪಾಡೇ ತೊಡಮಾಟ್ಟಾ ಡಾಕ್ಟರ್, ಎಲ್ಲಾಂ ಅಸಿಂಗಂ" ಎಂದರು. ಹೋಟೆಲಿನದನ್ನು ಅವಳು ಮುಟ್ಟುವುದೇ ಇಲ್ಲ, ಅದೆಲ್ಲ ಹೊಲಸು! ಅದೇ ಹೊಲಸನ್ನು ಪೆರಂಬೂರಿಗೆಲ್ಲ ಉಣಿಸಿದ ಮನುಷ್ಯ ಕಣ್ಣು ಪಿಳುಕಿಸದೆ ಹೇಳಿದ ಮಾತು ಅದು.

ದೋಸೆ ತಂದದ್ದು ನಾನೆಂದು ಅಲ್ಲೇ ಒಪ್ಪಿಕೊಂಡೆ. ಅಕ್ಕ ನನ್ನನ್ನು ನೋಡಲಿಲ್ಲ. ಗಂಡನ ಮುಖವನ್ನು ತುಂಬ ಹೊತ್ತು ನೋಡಿದಳು. ಹೊರಗೆ ಬಂದ ಮೇಲೆ ಭಾವ ನನ್ನ ತೋಳು ಹಿಡಿದು, "ಬೇರೆ ಯಾರ ಹತ್ರವೂ ಹೇಳ್ಬೇಡ. ಹೋಟ್ಲಿನ ಹೆಸರು ಹಾಳಾಗ್ತದೆ" ಎಂದರು. ಮರುದಿನ ಭಟ್ಟರನ್ನು ಊರಿನ ರೈಲು ಹತ್ತಿಸಿದರು. ಹೋಟೆಲು ಎಂದಿನಂತೆ ತೆರೆಯಿತು. ನಾನು ಮಾತ್ರ ಮತ್ತೆ ಅಲ್ಲಿ ಕಾಲಿಡಲಿಲ್ಲ. ಒಂದು ಕಂಪೆನಿಯಲ್ಲಿ ಗುಮಾಸ್ತನಾದೆ. ಹುಡುಗಿ ಬದುಕಿದಳು. ಒಂದು ಕಿವಿ ಕೇಳದಾಯಿತು.

ಅರವತ್ತರ ದಶಕದ ಕೊನೆಯಲ್ಲಿ ಭಾವ ಎದೆನೋವಿನಿಂದ ತೀರಿಕೊಂಡರು. ಹದಿಮೂರನೆಯ ದಿನದ ಊಟ ತಯಾರಿಸಲು ಹೋಟೆಲಿನ ಅಡುಗೆಯವರೇ ಮನೆಗೆ ಬಂದರು. ಜಗಲಿಯಲ್ಲಿ ನೆಂಟರು ಭಾವನ ಆಚಾರವನ್ನು ಹೊಗಳುತ್ತಿದ್ದರು. ಅಕ್ಕ ಹಿತ್ತಲ ಬಾಗಿಲಿಗೆ ಅಡ್ಡ ನಿಂತಿದ್ದಳು. ಬಾವಿಕಟ್ಟೆಯ ಮೇಲೆ ಹೊಸ ಸೋಪು ಇಟ್ಟಿದ್ದಳು.

"ಮೊದ್ಲು ಕೈ ತೊಳೀರಿ. ಉಗುರು ತೋರ್ಸಿ."

ಹಿರಿಯ ಅಡುಗೆಯವನೊಬ್ಬ ನೊಂದುಕೊಂಡ. "ಅಮ್ಮ, ಸಾಹುಕಾರ್ರು ಇಷ್ಟು ವರ್ಷದಲ್ಲಿ ಒಂದು ದಿನವೂ ಹೀಗೆ ಕೇಳ್ಲಿಲ್ಲ."

"ಗೊತ್ತುಂಟು" ಎಂದಳು ಅಕ್ಕ. "ಇನ್ನೊಮ್ಮೆ ತೊಳೀರಿ."