ದೊಡ್ಡಬಸಪ್ಪನ ಟೀವಿಯ ನೇರಳೆ ಮಚ್ಚೆ

ಬುಕ್ಕಸಾಗರದ ಓಬಳಪ್ಪ ಹೊಸಪೇಟೆಯಲ್ಲಿ ನನ್ನ ಮೋಟರ್ ವೈಂಡಿಂಗ್ ಅಂಗಡಿಯ ಪಕ್ಕದಲ್ಲೇ ಮೂವತ್ತೆರಡು ವರ್ಷದಿಂದ ಟೀವಿ ರಿಪೇರಿ ಮಾಡಿಕೊಂಡು ಬಂದವನು. ಈಗ ಬರುವುದೆಲ್ಲ ಮಿಕ್ಸಿ, ಫ್ಯಾನು. ಆದರೂ ಒಂದು ಪದ್ಧತಿ ಬಿಟ್ಟಿಲ್ಲ. ಯಾವ ಪಾರ್ಟು ಬದಲಿಸಿದರೂ ಕೆಟ್ಟದ್ದಕ್ಕೆ ಚೀಟಿ ಕಟ್ಟಿ ಗಿರಾಕಿಯ ಕೈಗೇ ಕೊಡುತ್ತಾನೆ. "ನಿಮ್ಮ ವಸ್ತು ನಿಮಗ" ಎನ್ನುತ್ತಾನೆ. ಇಂಥವನನ್ನು ಕಂಪ್ಲಿಯ ರೈಸ್ ಮಿಲ್ ಮಾಲೀಕ ದೊಡ್ಡಬಸಪ್ಪ ಕಳ್ಳ ಎಂದ.

ದೊಡ್ಡಬಸಪ್ಪನ ಅಪ್ಪನ ಕಾಲದ ಕಲರ್ ಟೀವಿಯೊಂದಿತ್ತು. ಅದು ಮತ್ತೆ ನಡೆಯಬೇಕಂತೆ. ನೋಡುವುದಕ್ಕಲ್ಲ, ಮಿಲ್ಲಿನ ಆಫೀಸಿಗೆ ಬಂದವರ ಮುಂದೆ ದೌಲತ್ತು ತೋರಿಸುವುದಕ್ಕೆ. ಓಬಳಪ್ಪ ಒಂದು ತಿಂಗಳು ಕೂತು, ಒಣಗಿದ ಕೆಪಾಸಿಟರುಗಳನ್ನೆಲ್ಲ ಬದಲಿಸಿ, ಚಿತ್ರ ಚೊಕ್ಕ ಬರುವಂತೆ ಮಾಡಿ ಕಳಿಸಿದ. ಎರಡೇ ದಿನಕ್ಕೆ ಪರದೆಯ ನಟ್ಟನಡುವೆ ನೇರಳೆ ಮಚ್ಚೆ. ವಾರ್ತೆ ಓದುವವಳ ಮುಖ ಬದನೆಕಾಯಿ.

ಓಬಳಪ್ಪ ಹೋದ. ನಾನೇ ಸುತ್ತಿಕೊಟ್ಟಿದ್ದ ತಾಮ್ರದ ತಂತಿಯ ದೊಡ್ಡ ಬಳೆಗೆ ಕರೆಂಟು ಕೊಟ್ಟು ಪರದೆಯ ಮುಂದೆ ಆಡಿಸಿದ. ಮ್ಯಾಗ್ನೆಟ್ಟಿನ ಸೆಳೆತ ಹತ್ತಿದ ಪಿಕ್ಚರ್ ಟ್ಯೂಬಿಗೆ ಅದೇ ಮದ್ದು. ಮಚ್ಚೆ ಹೋಯಿತು. ಮರುದಿನ ಮತ್ತೆ ಬಂತು. ಇನ್ನೊಮ್ಮೆ ಹೋಗಿ ತೆಗೆದ, ಇನ್ನೊಮ್ಮೆ ಬಂತು.

ದೊಡ್ಡಬಸಪ್ಪನ ಅಳಿಯ ವೀರೇಶ್ ಮೊಬೈಲಿನಲ್ಲಿ ಮೂರು ವಿಡಿಯೊ ನೋಡಿ ಇಂಜಿನಿಯರ್ ಆದವನು. ಓಬಳಪ್ಪ ಒರಿಜಿನಲ್ ಟ್ಯೂಬ್ ಕದ್ದು ಗುಜರಿಯದ್ದು ಕೂರಿಸಿದ್ದಾನೆ ಎಂದು ಮಾವನ ಕಿವಿಯಲ್ಲಿ ಊದಿದ. ಮಾವ ಅದನ್ನೇ ಹಮಾಲರ ಮುಂದೆ ಕೂಗಿದ. ಹಮಾಲರಲ್ಲಿ ಅಂಜಿನಯ್ಯ ಬುಕ್ಕಸಾಗರದವನು. ಸಂಜೆಗೆ ಮಾತು ಊರು ಮುಟ್ಟಿತು. ಮರುದಿನ ಓಬಳಪ್ಪ ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವನನ್ನು ಬಳೆ, ಸ್ಕ್ರೂಡ್ರೈವರ್ ಸಮೇತ ಬೈಕಿನ ಹಿಂದೆ ಕೂರಿಸಿಕೊಂಡು, ಹೇಳದೆ ಕೇಳದೆ ಕಂಪ್ಲಿಗೆ ಹೋದೆ.

"ಯಾಕ ಬಂದಿಲೇ ಓಬಳಪ್ಪ? ಟ್ಯೂಬ್ ತಂದಿಯೇನು?" ಎಂದ ದೊಡ್ಡಬಸಪ್ಪ.

"ತಂದಾನ್ರಿ, ಅಂಗಿ ಜೇಬ್ನ್ಯಾಗ ಐತಿ," ಎಂದೆ ನಾನು.

ಅಂದು ಟೀವಿಯ ಪೆಟ್ಟಿಗೆಗೆ ಹೊಸದಾಗಿ ಕೂರಿಸಿದ್ದ ಎರಡು ಮರದ ಬಾಗಿಲು ಮುಚ್ಚಿದ್ದವು. ನಮ್ಮ ಅಂಗಡಿಯಿಂದ ಹೋಗುವಾಗ ಅವು ಇರಲಿಲ್ಲ. ಓಬಳಪ್ಪ ಬಂದಾಗಲೆಲ್ಲ ಅವನ್ನು ಹಿಂದಕ್ಕೆ ಮಡಚಿಟ್ಟಿರುತ್ತಿದ್ದರಂತೆ. ಅವನು ಸ್ಕ್ರೂಡ್ರೈವರ್ ಹಿಡಿದ ಕೈಯಲ್ಲೇ ಬಾಗಿಲು ತೆಗೆಯಹೋದ. ಸ್ಕ್ರೂಡ್ರೈವರ್ ಕೈಯಿಂದ ಜಿಗಿದು ಬಾಗಿಲಿಗೆ ಟಪ್ ಎಂದು ಅಂಟಿತು.

"ಏನೈತ್ರಿ ಇದರಾಗ?" ಎಂದು ಕೇಳಿದ ಓಬಳಪ್ಪ.

"ಬಾಗ್ಲ ಬಿಗಿ ಕುಂದರ್ಲಿ ಅಂತ ನಾನ ಹಾಕ್ಸೀನಿ," ದೊಡ್ಡಬಸಪ್ಪ ಎದೆಯುಬ್ಬಿಸಿದ. "ಭತ್ತದಾಗಿನ ಮೊಳಿ ಹಿಡಿಯೋ ಮಿಲ್ಲಿನ ಮ್ಯಾಗ್ನೆಟ್ಟು. ಭಾಳ ಪವರ್ ಐತಿ."

ಬುದ್ಧಿವಂತ! ದಿನಾ ಸಂಜೆ ಆ ಮ್ಯಾಗ್ನೆಟ್ಟನ್ನು ಟ್ಯೂಬಿನ ಮುಖಕ್ಕೆ ತಾನೇ ಒತ್ತಿಟ್ಟು, ಬೆಳಿಗ್ಗೆ ಎದ್ದು ಇನ್ನೊಬ್ಬನನ್ನು ಕಳ್ಳ ಎಂದಿದ್ದ. ಇದನ್ನು ನಾನು ಅವನ ಮುಖದ ಮೇಲೆ, ಇಲ್ಲಿ ಬರೆಯಲಾಗದ ಮಾತುಗಳನ್ನೂ ಸೇರಿಸಿ ಹೇಳಿದೆ. ವೀರೇಶ್ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತ ಹೊರಗೆ ಜಾರಿದ.

"ಆಗಿದ್ದಾತು ಬಿಡು. ಚಾ ಕುಡಿ, ಮಚ್ಚಿ ತಗಿ," ಎಂದ ದೊಡ್ಡಬಸಪ್ಪ.

ಓಬಳಪ್ಪ ಬಳೆಯನ್ನು ಹೆಗಲಿನಿಂದ ಇಳಿಸಲಿಲ್ಲ. "ಸಾವ್ಕಾರ್ರ, ಅವತ್ತು ಯಾರ ಮುಂದ ಕಳ್ಳ ಅಂದ್ರಿ, ಅವ್ರ ಮುಂದನ ಆ ಮಾತು ವಾಪಸ್ ತಗೋರಿ. ಆಮ್ಯಾಲ ಮಚ್ಚಿ ತಗೀತೀನಿ."

ಅಂಗಳದಲ್ಲಿ ಚೀಲ ಹೊರುತ್ತಿದ್ದ ಹಮಾಲರು ಬಂದು ಆಫೀಸಿನ ಬಾಗಿಲಲ್ಲಿ ನಿಂತರು. ದೊಡ್ಡಬಸಪ್ಪ ಟೀವಿಯ ಕಡೆ ಮುಖ ಮಾಡಿ, "ಟ್ಯೂಬ್ ಅದ ಐತಿ," ಎಂದು ಗೊಣಗಿದ.

"ಕೇಳಸಲಿಲ್ರಿ ಸಾವ್ಕಾರ್ರ, ಮಿಲ್ಲಿನ ಸಪ್ಪಳ ಭಾಳ," ಎಂದ ಅಂಜಿನಯ್ಯ. ಮಿಲ್ಲು ಅಂದು ಬಂದ್ ಇತ್ತು.

"ಓಬಳಪ್ಪ ಕದ್ದಿಲ್ಲ! ಟ್ಯೂಬ್ ನಮ್ದ ಐತಿ! ಆತೇನು?"

ಆಗ ಓಬಳಪ್ಪ ಬಳೆಯನ್ನು ಪರದೆಯ ಮುಂದೆ ಆಡಿಸಿದ. ಬಣ್ಣಗಳೆಲ್ಲ ಗಿರ್ರನೆ ತಿರುಗಿ ತಮ್ಮ ಜಾಗಕ್ಕೆ ಕೂತವು. ಆಮೇಲೆ ಮ್ಯಾಗ್ನೆಟ್ಟನ್ನು ಬಾಗಿಲಿಂದ ಬಿಚ್ಚಿ, ಅದಕ್ಕೊಂದು ಚೀಟಿ ಕಟ್ಟಿ, ದೊಡ್ಡಬಸಪ್ಪನ ಕೈಯಲ್ಲಿಟ್ಟ.

"ನಿಮ್ಮ ವಸ್ತು ನಿಮಗ."