ಕಿವಿ ಮಡಚಿದ ಬಿಸ್ಕೆಟ್ ಪ್ಯಾಕೆಟ್

ಉದ್ಯಾವರದ ಜೆರ್ಟ್ರೂಡ್ ಟೀಚರೆಂದರೆ ಮಕ್ಕಳಿಗೆ ಪ್ರಾಣ, ಅಂಗಡಿಯವರಿಗೆ ತಲೆನೋವು. ಪೊಟ್ಟಣಗಳ ಮೇಲೆ ಪ್ಯಾಕ್ ಮಾಡಿದ ತಿಂಗಳು ಅಚ್ಚಾಗತೊಡಗಿದ್ದೇ ತಡ, ಅವರಿಗೆ ಅದೊಂದು ಹುಚ್ಚು ಹಿಡಿಯಿತು. ಖಾಲಿ ಪೊಟ್ಟಣಗಳನ್ನು ಮಕ್ಕಳಿಂದ ತರಿಸಿ ಗೋಡೆಗೆ ಅಂಟಿಸುವರು. "ಚಂದದ ಚಿತ್ರ ಇರುವುದು ನಿಮ್ಮನ್ನು ಮರುಳು ಮಾಡ್ಲಿಕ್ಕೆ. ತಿಂಗಳು ಎಲ್ಲಿ ಉಂಟು, ಅದನ್ನು ಮೊದಲು ಹುಡುಕಿ" ಎನ್ನುವರು. ಅಲ್ಲ, ದೊಡ್ಡವರೇ ನೋಡದ ಕಾಲದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ನೋಡಬೇಕಂತೆ!

ಈ ಪಾಠಕ್ಕೆ ಅಂಗಡಿ ಬೇಕಲ್ಲ? ಅಣ್ಣ ವಲೇರಿಯನ್ ಇದ್ದ. ಅಪ್ಪ ತೀರಿಹೋದ ಮೇಲೆ ಹೆದ್ದಾರಿ ಬದಿಯ ತನ್ನ ಅಂಗಡಿ ನಂಬಿಕೊಂಡೇ ತಂಗಿಯನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದವನು. ಪ್ರತಿ ಆಗಸ್ಟಿನಲ್ಲಿ ಮಕ್ಕಳು ಸಾಲಾಗಿ ಅಲ್ಲಿಗೆ ಹೋಗಿ, ಹಳತಾದ ಪ್ಯಾಕೆಟ್ ಸಿಕ್ಕರೆ ಗುರುತಿಗೆ ಅದರ ಮೂಲೆಯನ್ನು ನಾಯಿಮರಿಯ ಕಿವಿಯ ಹಾಗೆ ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದರು. "ಇದೆಲ್ಲ ಇನ್ನು ಹಂದಿಗೆ" ಎಂದು ವಲೇರಿಯನ್ ನಗುತ್ತ ಮಕ್ಕಳಿಗೆ ಪೆಪ್ಪರಮಿಂಟು ಹಂಚುತ್ತಿದ್ದ. ಇಂಥ ಅಣ್ಣ ಯಾರಿಗುಂಟು ಎಂದು ಜೆರ್ಟ್ರೂಡ್ ಕಂಡಕಂಡವರ ಹತ್ತಿರ ಹೇಳಿಕೊಂಡದ್ದೇ ಹೇಳಿಕೊಂಡದ್ದು.

ಸಾವಿರದ ಒಂಬೈನೂರ ಎಂಬತ್ತಾರರ ಸೆಪ್ಟೆಂಬರ್, ಕ್ರೈಸ್ತರ ತೆನೆ ಹಬ್ಬ. ಮಾತೆ ಮರಿಯಳಿಗೆ ಹೂ ಹಾಕಿ ಬಂದ ಮಕ್ಕಳಿಗೆ ಇಗರ್ಜಿಯ ಅಂಗಳದಲ್ಲಿ ಕಬ್ಬು, ಜೊತೆಗೆ ವಲೇರಿಯನ್ ದಾನ ಕೊಟ್ಟ ಒಂದೊಂದು ಬಿಸ್ಕೆಟ್ ಪ್ಯಾಕೆಟ್. ಮೈಕಿನಲ್ಲಿ ಅವನ ಹೆಸರು ಹೇಳಿದಾಗ ಜೆರ್ಟ್ರೂಡರ ಎದೆ ಉಬ್ಬಿತು. ಅಷ್ಟರಲ್ಲಿ ಅವರ ಕ್ಲಾಸಿನ ಆಂಜೆಲಾ ಬಂದು ಸೆರಗು ಜಗ್ಗಿದಳು.

"ಟೀಚರ್, ಈ ಕಿವಿ ಮಡಚಿದ್ದು ನಾನೇ. ಹೀಗೆ ಎರಡು ಮಡಿಕೆ ಹಾಕಿದ್ದು ನಾನು ಮಾತ್ರ. ಆದರೆ ತಿಂಗಳು ಹೊಸತು ಉಂಟಲ್ಲ?"

ಜೆರ್ಟ್ರೂಡ್ ಉಗುರಿನಿಂದ ಕೆರೆದರು. ಮೇಲೆ ಅಂಟಿಸಿದ್ದ ಚೀಟಿ ಎದ್ದುಬಂತು. ಅಡಿಯಲ್ಲಿ ಕಳೆದ ವರ್ಷದ ತಿಂಗಳು. ಹರಿದು ಮೂಸಿದರೆ ಮುಗ್ಗಲು ವಾಸನೆ. ಅವರು ಮಕ್ಕಳ ಕೈಯಿಂದ ಪ್ಯಾಕೆಟ್‌ಗಳನ್ನು ಕಸಿದುಕೊಳ್ಳತೊಡಗಿದಾಗ ಅರ್ಧ ಅಂಗಳವೇ ಅತ್ತಿತು.

ಅಲ್ಲಿಂದ ಸೀದಾ ಅಂಗಡಿಗೆ ನಡೆದರು.

"ಹಂದಿಗೆ ಅಂದಿಯಲ್ಲ ಅಣ್ಣ, ನನ್ನ ಮಕ್ಕಳು ಹಂದಿಗಳಾ?"

"ಬೊಬ್ಬೆ ಹಾಕ್ಬೇಡ ಮಾರಾಯ್ತಿ. ಎರಡು ಬಿಸ್ಕೆಟ್ ತಿಂದು ಯಾರೂ ಸಾಯುವುದಿಲ್ಲ." ವಲೇರಿಯನ್ ತಲೆಯೆತ್ತಲಿಲ್ಲ. "ಜನ ಎಲ್ಲಿ ನೋಡ್ಬೇಕು ಅಂತ ನೀನೇ ಪಾಠ ಮಾಡಿದಿ, ನಾನೂ ಕೇಳಿಸಿಕೊಂಡೆ, ಅಲ್ಲಿಗೇ ಚೀಟಿ ಅಂಟಿಸಿದೆ. ಹಳತನ್ನೆಲ್ಲ ಆರಿಸಿ ಕೊಟ್ಟದ್ದು ನಿನ್ನ ಮಕ್ಕಳೇ. ಪ್ರತಿ ವರ್ಷ ನನಗೆ ಎಷ್ಟು ಉಪಕಾರ ಆಯ್ತು ಗೊತ್ತುಂಟಾ?"

"ಪ್ರತಿ ವರ್ಷವಾ?"

"ಮತ್ತೆಂತ? ನಿನ್ನನ್ನು ಟೀಚರ್ ಮಾಡಿದ್ದು ಇದೇ ಅಂಗಡಿ ಅಲ್ವಾ?"

ಜೆರ್ಟ್ರೂಡ್ ಅಂಗಡಿಯಿಂದ ಇಳಿದು ಮನೆಯ ಕಡೆ ನಡೆದರು. ಎಂಥ ದ್ರೋಹ! ಒಡಹುಟ್ಟಿದವನೇ ತನ್ನ ಪಾಠವನ್ನು ಕದ್ದು, ತನ್ನ ಮಕ್ಕಳಿಂದಲೇ ಕೆಲಸ ಮಾಡಿಸಿಕೊಂಡು, ಕೊನೆಗೆ ಅವರ ಬಾಯಿಗೇ ಹಾಳು ಮಾಲು ಇಟ್ಟಿದ್ದ. ಅವನ ಉಪ್ಪು ತಿಂದದ್ದೂ ನಿಜವೇ, ಏನು ಹೇಳುವುದು?

ಮರುದಿನ ಕ್ಲಾಸಿನಲ್ಲಿ ಅದೇ ಪ್ಯಾಕೆಟನ್ನು ಮೇಜಿನ ಮೇಲಿಟ್ಟರು. ತಿಂಗಳು ಓದಿದರೆ ಸಾಲದು, ಅದರ ಅಂಚಿಗೆ ಉಗುರು ಹಾಕಿಯೂ ನೋಡಬೇಕು ಎಂದು ಕಲಿಸಿದರು.

ಆಂಜೆಲಾ ಎದ್ದು ನಿಂತಳು. "ಇದು ಯಾವ ಅಂಗಡಿಯದ್ದು ಟೀಚರ್?"

ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮಕ್ಕಳೆಲ್ಲ ಟೀಚರರ ಮುಖವನ್ನೇ ನೋಡುತ್ತಿದ್ದರು.

"ನನ್ನ ಅಣ್ಣನದ್ದು" ಎಂದರು ಜೆರ್ಟ್ರೂಡ್. "ಮನೆಗೆ ಹೋಗಿ ಎಲ್ಲರಿಗೂ ಹೇಳಿ."